ಮೊಟ್ಟೆ ಕಾದರೆ ಸಾಕಾ? ಕಡಲಾಮೆ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಕುಂದಾಪುರ ಕಡೆ. ಚಳಿಗಾಲ ಬಂತೆಂದರೆ ನಾವು ನಾಲ್ಕೈದು ಜನ ರಾತ್ರಿ ದಡದಲ್ಲಿ ಸುತ್ತಾಡಿ ಕಡಲಾಮೆ ಮೊಟ್ಟೆ ಕಾಯುತ್ತೇವೆ, ಮರಿ ಆದ ಮೇಲೆ ಕಡಲಿಗೆ ಬಿಡುತ್ತೇವೆ. ಆದರೂ ದೊಡ್ಡ ಆಮೆಗಳು ಸತ್ತು ದಡಕ್ಕೆ ಬಂದು ಬೀಳುತ್ತವೆ. ವಿಜ್ಞಾನಿಗಳು ನೋಡಿದರೆ ಟ್ಯಾಗ್ ಹಾಕುವುದು, ಉದ್ದ ಅಗಲ ಅಳೆಯುವುದು ಇದೇ ಮಾಡುತ್ತಾರೆ. ಇದರಿಂದ ಆಮೆಗೆ ಏನು ಬಂತು?

ಉತ್ತರ: ಸಿಟ್ಟಲ್ಲೇ ಕೇಳಿದ್ದೀರಿ, ಆದರೆ ಕೇಳಬೇಕಾದ ಪ್ರಶ್ನೆಯೇ. ಆ ಅಳತೆ, ಲೆಕ್ಕ ಎಲ್ಲ ಸೇರಿ ಏನು ಮಾಡಿತು ಅನ್ನುವುದಕ್ಕೆ ಒಂದು ಹಳೇ ಕತೆ ಹೇಳುತ್ತೇನೆ.

ಅಮೆರಿಕದ ಆಗ್ನೇಯ ಕರಾವಳಿಯಲ್ಲಿ ಲಾಗರ್‌ಹೆಡ್ ಅನ್ನುವ ಜಾತಿಯ ಕಡಲಾಮೆ ಮೊಟ್ಟೆ ಇಡುತ್ತದೆ. ಅಲ್ಲೂ ಜನ ನಿಮ್ಮ ಹಾಗೇ ವರ್ಷಗಟ್ಟಲೆ ಗೂಡು ಕಾದಿದ್ದರು. ಆಮೆ ಮಾತ್ರ ಕಮ್ಮಿಯಾಗುತ್ತಲೇ ಇತ್ತು. ಡೆಬೊರಾ ಕ್ರೌಸ್, ಲ್ಯಾರಿ ಕ್ರೌಡರ್, ಹಾಲ್ ಕ್ಯಾಸ್ವೆಲ್ ಎಂಬ ಮೂವರು ವಿಜ್ಞಾನಿಗಳು 1987ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಆಮೆಯ ಬದುಕನ್ನು ಮೊಟ್ಟೆ, ಮರಿ, ಎಳೆಯದು, ಬೆಳೆದದ್ದು ಹೀಗೆ ಹಂತ ಹಂತವಾಗಿ ಬಿಡಿಸಿ, ಯಾವ ಹಂತದಲ್ಲಿ ಸಾವು ತಪ್ಪಿಸಿದರೆ ಏನಾಗುತ್ತದೆ ಎಂದು ನೋಡಿದರು. ಬಂದ ಉತ್ತರ ಮೊಟ್ಟೆ ಕಾಯುವವರಿಗೆ ಕಹಿಯಾಗಿತ್ತು. ಒಂದೂ ಮೊಟ್ಟೆ ಹಾಳಾಗದಂತೆ ಕಾದರೂ ಆಮೆಯ ಸಂಖ್ಯೆ ಇಳಿಯುವುದು ನಿಲ್ಲುವುದಿಲ್ಲ! ಸಮುದ್ರದಲ್ಲಿ ಓಡಾಡುವ ದೊಡ್ಡ ಆಮೆಗಳ ಸಾವು ತಪ್ಪಿಸಿದರೆ ಮಾತ್ರ ಲೆಕ್ಕ ಮೇಲಕ್ಕೆ ತಿರುಗುತ್ತದೆ.

ಅಡಿಕೆ ತೋಟ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಸಿಗೆ ದಿನಾ ನೀರು ಹಾಕುತ್ತೀರಿ. ಇನ್ನೇನು ಫಸಲು ಬರಬೇಕು ಅನ್ನುವ ಮರವನ್ನು ಯಾರೋ ಕಡಿದು ಹಾಕುತ್ತಿದ್ದಾರೆ. ತೋಟ ಉಳಿಯುತ್ತದಾ? ಮರಿಗಳಲ್ಲಿ ಹೆಚ್ಚಿನವು ಹೇಗೂ ಏಡಿ, ಮೀನು, ಹಕ್ಕಿಗಳ ಬಾಯಿಗೆ ಹೋಗುತ್ತವೆ. ವರ್ಷಗಟ್ಟಲೆ ಬದುಕುಳಿದು ಮೊಟ್ಟೆ ಇಡುವ ವಯಸ್ಸಿನ ಹತ್ತಿರ ಬಂದ ಆಮೆಯ ಬೆಲೆಯೇ ಬೇರೆ.

ಅಮೆರಿಕದಲ್ಲಿ ಆ ದೊಡ್ಡ ಆಮೆಗಳು ಸಾಯುತ್ತಿದ್ದದ್ದು ಸಿಗಡಿ ಹಿಡಿಯಲು ಬೋಟು ಎಳೆದುಕೊಂಡು ಹೋಗುವ ಟ್ರಾಲ್ ಬಲೆಯಲ್ಲಿ. ಕಡಲಾಮೆಗೆ ಕಿವಿರಿಲ್ಲ, ಉಸಿರಾಡಲು ಮೇಲೆ ಬರಲೇಬೇಕು. ಬಲೆಯೊಳಗೆ ಸಿಕ್ಕಿದರೆ ನೀರಲ್ಲೇ ಮುಳುಗಿ ಸಾಯುತ್ತದೆ. ಅದಕ್ಕೇ ಟೆಡ್ ಎಂಬ ಸಾಧನ ಬಂತು. ಬಲೆಯ ಕುತ್ತಿಗೆಯಲ್ಲಿ ಓರೆಯಾಗಿ ಕೂರಿಸಿದ ಸರಳುಗಳ ಚೌಕಟ್ಟು, ಪಕ್ಕದಲ್ಲೊಂದು ಕಿಂಡಿ. ಸಿಗಡಿ ಸರಳಿನ ನಡುವೆ ತೂರಿ ಒಳಗೆ ಹೋಗುತ್ತದೆ, ಆಮೆ ಕಿಂಡಿಯಿಂದ ಹೊರಬೀಳುತ್ತದೆ. ನಮ್ಮ ಬಲೆಗಳಿಗೆ ಹೊಂದುವ ಟೆಡ್ ಅನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದೆ. ಅದರ ಕಿಂಡಿಯಿಂದ ಮೀನೂ ತಪ್ಪಿಸಿಕೊಳ್ಳುತ್ತದೆ ಅನ್ನುವುದು ಬೋಟಿನವರ ದೂರು. ಡೀಸೆಲ್ ಬೆಲೆ ನೋಡಿದವರು ಇದನ್ನು ಸುಮ್ನೆ ತಳ್ಳಿಹಾಕಲಾರರು. ಆದರೆ ಟೆಡ್ ಇಲ್ಲದ ಕಾರಣಕ್ಕೇ ಅಮೆರಿಕ 2019ರಲ್ಲಿ ನಮ್ಮ ಸಮುದ್ರದ ಸಿಗಡಿ ಕೊಳ್ಳುವುದನ್ನು ನಿಲ್ಲಿಸಿತು. ಆ ನಷ್ಟವೂ ಬೋಟಿನವರದ್ದೇ ಅಲ್ವಾ?

ಹಾಗಂತ ನೀವು ರಾತ್ರಿ ಮನೆಯಲ್ಲಿ ಮಲಗಿ ಎಂದು ನಾನು ಹೇಳುತ್ತಿಲ್ಲ. ಮೆಕ್ಸಿಕೋದ ರಾಂಚೋ ನುವೆವೋ ದಡದಲ್ಲಿ 1947ರಲ್ಲಿ ಒಂದೇ ದಿನ ಸುಮಾರು 40,000 ಕೆಂಪ್ಸ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬಂದಿದ್ದವು. ನಮ್ಮ ಕರಾವಳಿಗೆ ಬರುವ ಆಲಿವ್ ರಿಡ್ಲಿ ಆಮೆಯ ಹತ್ತಿರದ ನೆಂಟ ಇದು. 1985ಕ್ಕೆ ಇಡೀ ವರ್ಷ ಹುಡುಕಿದರೂ ಸಿಕ್ಕಿದ್ದು 702 ಗೂಡು. ಅಲ್ಲಿ ಗೂಡನ್ನೂ ಕಾದರು, ಬಲೆಗೆ ಟೆಡ್ಡನ್ನೂ ಹಾಕಿಸಿದರು. ಗೂಡುಗಳು ಮತ್ತೆ ಸಾವಿರಗಳಿಗೆ ಏರಿದವು. ಎರಡೂ ಬೇಕಾಯಿತು.

ಇನ್ನು ಟ್ಯಾಗ್ ವಿಷಯ. 2021ರ ಮಾರ್ಚ್‌ನಲ್ಲಿ ಒಡಿಶಾದ ಗಹಿರ್‌ಮಾಥಾದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯವರು ಒಂದು ಆಲಿವ್ ರಿಡ್ಲಿಯ ಮುಂಗಾಲಿಗೆ 03233 ನಂಬರಿನ ಲೋಹದ ಟ್ಯಾಗ್ ಹಾಕಿದರು. 2025ರ ಜನವರಿಯಲ್ಲಿ ಅದೇ ಆಮೆ ಮೊಟ್ಟೆ ಇಡಲು ಬಂದದ್ದು ಎಲ್ಲಿಗೆ ಗೊತ್ತಾ? ಮಹಾರಾಷ್ಟ್ರದ ಗುಹಾಗರಕ್ಕೆ! ಪೂರ್ವ ಕರಾವಳಿಯ ಆಮೆ ಬೇರೆ, ಪಶ್ಚಿಮದ್ದು ಬೇರೆ ಎಂದುಕೊಂಡಿದ್ದವರೆಲ್ಲ ಮತ್ತೆ ಯೋಚಿಸಬೇಕಾಯಿತು. ದಡದಲ್ಲಿದ್ದವರು ಆ ನಂಬರು ನೋಡಿ ಬರೆದುಕೊಳ್ಳದೆ ಇದ್ದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ನಿಮಗೊಂದು ಕೆಲಸ ಹೇಳುತ್ತೇನೆ. ಸತ್ತ ಆಮೆ ಸಿಕ್ಕರೂ ಮುಂಗಾಲು ನೋಡಿ. ಟ್ಯಾಗ್ ಇದ್ದರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಕೊಡಿ. ಟ್ಯಾಗ್ ಇಲ್ಲದಿದ್ದರೂ ದಿನಾಂಕ, ಜಾಗ, ಚಿಪ್ಪಿನ ಉದ್ದ ಬರೆದಿಡಿ. ಬಲೆಯ ದಾರ ಸುತ್ತಿಕೊಂಡಿತ್ತಾ ಅನ್ನುವುದನ್ನೂ ಸೇರಿಸಿ. ದೊಡ್ಡ ಆಮೆ ಎಲ್ಲಿ, ಯಾವ ತಿಂಗಳಲ್ಲಿ ಜಾಸ್ತಿ ಸಾಯುತ್ತಿದೆ ಎಂಬ ಲೆಕ್ಕ ಶುರುವಾಗುವುದೇ ಇಂಥ ನೋಟ್‌ಬುಕ್ಕಿನಿಂದ.

ಪ್ರಶ್ನೆ: ಬಿಸಿಲು ಜಾಸ್ತಿಯಾದರೆ ಮರಿಗಳೆಲ್ಲ ಹೆಣ್ಣೇ ಆಗುತ್ತವೆ ಅಂತಾರೆ. ನಿಜವಾ? ಹಾಗಾದರೆ ಗೂಡಿಗೆ ನೆರಳು ಮಾಡಬೇಕಾ? (ಮಂಗಳೂರಿನ ವಿದ್ಯಾರ್ಥಿನಿ)

ಉತ್ತರ: ನಿಜ. ಕಡಲಾಮೆ ಗಂಡೋ ಹೆಣ್ಣೋ ಅನ್ನುವುದು ಮರಳಿನ ಬಿಸಿಯ ಮೇಲೆ ನಿಂತಿದೆ. ಸುಮಾರು 29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅರ್ಧಕ್ಕರ್ಧ. ಅದಕ್ಕಿಂತ ಬಿಸಿಯಾದರೆ ಹೆಣ್ಣು, ತಂಪಾದರೆ ಗಂಡು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಹಸಿರು ಆಮೆಗಳ ಮೇಲೆ 2018ರಲ್ಲಿ ಬಂದ ಅಧ್ಯಯನ ನೋಡಿ. ಉತ್ತರದ ಬಿಸಿ ದಡಗಳಲ್ಲಿ ಹುಟ್ಟಿದ ಎಳೆಯ ಆಮೆಗಳಲ್ಲಿ ಶೇ 99ಕ್ಕಿಂತ ಹೆಚ್ಚು ಹೆಣ್ಣೇ ಇದ್ದವು. ಎಳೆಯ ಆಮೆಯನ್ನು ಹೊರಗಿಂದ ನೋಡಿ ಗಂಡೋ ಹೆಣ್ಣೋ ಹೇಳಲಾಗದು. ರಕ್ತದ ಹಾರ್ಮೋನು ನೋಡಿ ತಿಳಿಯಬೇಕಾಯಿತು.

ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುತ್ತದೆ, ಹಾಗಾಗಿ ಹೆಣ್ಣು ಸ್ವಲ್ಪ ಜಾಸ್ತಿ ಇದ್ದರೆ ತೊಂದರೆಯಿಲ್ಲ. ಗಂಡೇ ಸಿಗದಂತಾದರೆ ಕಷ್ಟ. ನೆರಳಿನ ವಿಷಯಕ್ಕೆ ಬಂದರೆ, ಮೊದಲು ಗೂಡಿನ ಆಳದಲ್ಲಿ ಉಷ್ಣತೆ ಅಳೆಯಿರಿ. ಅಳೆಯದೆ ಚಪ್ಪರ ಹಾಕಿದರೆ ನೀವೇ ಇನ್ನೊಂದು ಕಡೆಗೆ ತಕ್ಕಡಿ ವಾಲಿಸಿದಂತೆ. ಗೂಡು ಬೇರೆ ಕಡೆ ಸಾಗಿಸಲೇಬೇಕಾದರೆ ಮೊಟ್ಟೆ ಇಟ್ಟ ಕೆಲವೇ ಗಂಟೆಗಳಲ್ಲಿ ಸಾಗಿಸಬೇಕು. ಆಮೇಲೆ ಭ್ರೂಣ ಸಿಪ್ಪೆಗೆ ಅಂಟಿಕೊಳ್ಳುತ್ತದೆ, ಮೊಟ್ಟೆ ಉರುಳಿದರೆ ಸಾಯುತ್ತದೆ. ಈ ಕೆಲಸ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಅನ್ನುವುದು ನೆನಪಿರಲಿ.

ಪ್ರಶ್ನೆ: ಶುಕ್ರವಾರ ಹುಟ್ಟಿದ ಮರಿಗಳನ್ನು ಟಬ್ಬಿನಲ್ಲಿಟ್ಟು ಭಾನುವಾರ ಅತಿಥಿಗಳ ಕೈಯಿಂದ ಬಿಡಿಸಬಹುದಾ?

ಉತ್ತರ: ಬೇಡ. ಮರಿ ಹೊರಬಂದ ಮೊದಲ ದಿನ ಒಂದೇ ಸಮ ಈಜುತ್ತದೆ. ದಡದ ಬಳಿಯ ಶತ್ರುಗಳಿಂದ ದೂರ ಓಡಲು ಅದರ ಬಳಿ ಇರುವುದು ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿ ಲೋಳೆಯ ಬಲ ಅಷ್ಟೇ. ಟಬ್ಬಿನಲ್ಲಿಟ್ಟರೆ ಆ ಬಲವೆಲ್ಲ ಪ್ಲಾಸ್ಟಿಕ್ ಗೋಡೆಗೆ ಬಡಿದುಕೊಂಡೇ ಖಾಲಿ. ಹೊರಬಂದ ರಾತ್ರಿಯೇ ಬಿಡಿ, ಮರಳಿನ ಮೇಲೆ ತಾವೇ ನಡೆದು ಹೋಗಲಿ, ದಡದ ದೀಪಗಳನ್ನು ಆರಿಸಿ. ಅತಿಥಿಗಳು ಶುಕ್ರವಾರವೇ ಬರಲಿ.