ಮೊದಲೇ ಸೊಂಟನೋವು ಇದ್ದವರು ಆಕ್ಸಿಡೆಂಟ್ ಕ್ಲೇಮ್‌ನಲ್ಲಿ ಹಳೇ ಎಂಆರ್‌ಐ ತೋರಿಸಬೇಕೆ, ಮುಚ್ಚಿಡಬೇಕೆ?

ನೀವು ಬರೆದದ್ದು ಇಷ್ಟು: ವಯಸ್ಸು 44. ಮೂರು ವರ್ಷದ ಹಿಂದೆ ಸೊಂಟದ ಎಲ್4-ಎಲ್5 ಮೂಳೆಗಳ ನಡುವಿನ ಡಿಸ್ಕಿಗೆ ಎಂಆರ್‌ಐ, ಫಿಸಿಯೋಥೆರಪಿ ಆಗಿತ್ತು. ಹೋದ ತಿಂಗಳು ಹೆಬ್ಬಾಳದ ಹತ್ತಿರ ನಿಂತಿದ್ದ ನಿಮ್ಮ ಕಾರಿಗೆ ಹಿಂದಿನಿಂದ ಟೆಂಪೊ ಗುದ್ದಿತು. ಈಗ ಕತ್ತು, ಸೊಂಟ ಎರಡೂ ಹಿಡಿದುಕೊಂಡಿವೆ. ಪರಿಚಯದವರೊಬ್ಬರು "ಹಳೇ ರಿಪೋರ್ಟು ಹೊರಗೆ ತೆಗೀಲೇಬೇಡಿ" ಅಂದಿದ್ದಾರೆ.

ತೆಗೀರಿ. ನಾನು ತೆಗೆಯದೆ ಕೆಟ್ಟವನು.

ನನ್ನದು 2018ರ ಕಥೆ. ರಾಜಾಜಿನಗರದಲ್ಲಿ ಡಿಟಿಪಿ ಅಂಗಡಿ, ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ. ಕತ್ತಿನ ಸವೆತ ಮೊದಲೇ ಇತ್ತು. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನ ಕಾರು ಗುದ್ದಿತು. ಕೇಸು ಹಾಕಿದಾಗ "ಅಪಘಾತಕ್ಕೆ ಮುಂಚೆ ಆರೋಗ್ಯವಂತನೂ ದೃಢಕಾಯನೂ ಆಗಿದ್ದೆ" ಅಂತಿದ್ದ ಅಫಿಡವಿಟ್ಟಿಗೆ ಸಹಿ ಹಾಕಿದೆ. ಆ ವಾಕ್ಯ ಎಲ್ಲರ ಅರ್ಜಿಯಲ್ಲೂ ಅಚ್ಚೊತ್ತಿದ ಹಾಗೆ ಇರುತ್ತೆ, ವಕೀಲರಿಗೆ ನಾನೇ ಎಷ್ಟು ಸಲ ಟೈಪ್ ಮಾಡಿಕೊಟ್ಟಿದ್ದೇನೋ! ಪಾಟೀಸವಾಲಿನಲ್ಲಿ ಇನ್ಶೂರೆನ್ಸ್ ಕಂಪನಿಯ ವಕೀಲರು ಆಸ್ಪತ್ರೆಯ ಕೇಸ್‌ಶೀಟ್ ತೆಗೆದರು. ಆ ರಾತ್ರಿ ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರ್ ಕೇಳಿದಾಗ "ಕತ್ತುನೋವಿಗೆ ಎರಡು ವರ್ಷದಿಂದ ಮಾತ್ರೆ ತಗೊಳ್ತಿದೀನಿ" ಅಂತ ನಾನೇ ಹೇಳಿದ್ದೆ. ಒಂದೇ ಸಾಲು. "ಇದು ನೀವೇ ಹೇಳಿದ್ದಾ?" "ಹೌದು." ಅಲ್ಲಿಂದಾಚೆಗೆ ನಾನು ಹೇಳಿದ ನಿಜವೂ ಸುಳ್ಳಿನ ಹಾಗೆ ಕೇಳಿಸಿತು. ಬಿಲ್ಲಿನ ದುಡ್ಡು ಬಂತು, ನೋವಿಗೆ ಅಂತ ಚೂರು ಬಂತು, ಅಂಗವೈಕಲ್ಯಕ್ಕೆ ಸೊನ್ನೆ. ಹೈಕೋರ್ಟಿಗೆ ಅಪೀಲು ಹೋಗಿ, ಕೊನೆಗೆ ಲೋಕ್ ಅದಾಲತ್‌ನಲ್ಲಿ ಸಿಕ್ಕಷ್ಟಕ್ಕೆ ಒಪ್ಪಿಕೊಂಡೆ.

ನಿಮ್ಮ ಪರಿಚಯದವರು ಮೆಡಿಕ್ಲೇಮನ್ನೂ ಇದನ್ನೂ ಒಂದೇ ಅಂದುಕೊಂಡಿರಬೇಕು. ಮೊದಲೇ ಇದ್ದ ಕಾಯಿಲೆಗೆ ಇಷ್ಟು ತಿಂಗಳು ಕಾಯಬೇಕು ಅನ್ನೋದು ಮೆಡಿಕ್ಲೇಮ್ ಪಾಲಿಸಿಯ ಷರತ್ತು. ನೀವು ಹೋಗುತ್ತಿರುವುದು ಗುದ್ದಿದ ಗಾಡಿಯ ಥರ್ಡ್ ಪಾರ್ಟಿ ವಿಮೆಯ ಮೇಲೆ, 1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಕೆಳಗೆ. ಟೆಂಪೊದವನ ಜೊತೆ ನಿಮಗೆ ಯಾವ ಪಾಲಿಸಿಯೂ ಇರಲಿಲ್ಲವಲ್ಲ! ಗುದ್ದಿಸಿಕೊಂಡವನ ಮೈ ಹೇಗಿತ್ತೋ ಹಾಗೇ ಒಪ್ಪಿಕೊಳ್ಳಬೇಕು, "ಗಟ್ಟಿ ಆಳಾಗಿದ್ದರೆ ಇಷ್ಟಾಗ್ತಿರಲಿಲ್ಲ" ಅನ್ನುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ 1901ರಲ್ಲೇ ಒಬ್ಬ ನ್ಯಾಯಾಧೀಶರು ತೆಳು ತಲೆಬುರುಡೆಯ ಉದಾಹರಣೆ ಕೊಟ್ಟು ಇದನ್ನು ಹೇಳಿದ್ದರು. ಆದರೆ ಹಳೇ ನೋವಿನ ಪಾಲಿಗೆ ಪರಿಹಾರ ಇಲ್ಲ, ಹೆಚ್ಚಾದ ಪಾಲಿಗೆ ಮಾತ್ರ. ಹೆಚ್ಚಾಯಿತು ಅಂತ ತೋರಿಸಲು ಮೊದಲು ಎಷ್ಟಿತ್ತು ಅಂತ ತೋರಿಸಬೇಡವೇ? ನೀವು ಮುಚ್ಚಿಡಲು ಹೊರಟಿರುವ ಆ ಎಂಆರ್‌ಐ ಇರುವುದೇ ಅದಕ್ಕೆ.

ಹೊಸ ಸ್ಕ್ಯಾನ್ ಒಂದೇ ಇಟ್ಟರೆ "ಇದೆಲ್ಲ ವಯಸ್ಸಿನ ಸವೆತ" ಅನ್ನುವುದು ಎದುರಿನವರಿಗೆ ಬಹಳ ಸುಲಭ. ಅದರಲ್ಲಿ ಅರ್ಧ ನಿಜವೂ ಇದೆ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿ ನೋಡಿದ 2015ರ ಒಂದು ಅಧ್ಯಯನದಲ್ಲಿ, 20ರ ವಯಸ್ಸಿನವರಲ್ಲೇ ಶೇ. 37ರಷ್ಟು ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. 80ರ ಹೊತ್ತಿಗೆ ಅದು ಶೇ. 96. ಸವೆತ ಇದ್ದೂ ಆರಾಮಾಗಿ ದುಡಿಯುತ್ತಿದ್ದವರು ಎಷ್ಟೋ ಜನ ಅನ್ನೋ ಅರ್ಥವೂ ಅದಕ್ಕಿದೆ. ಆ ಮಾತನ್ನು ನಿಮ್ಮ ಡಾಕ್ಟರ್ ಬಾಯಲ್ಲಿ ಹೇಳಿಸಿ. ಚಿಕಿತ್ಸೆ ಕೊಟ್ಟವರೇ ಎರಡೂ ಫಿಲ್ಮ್ ಪಕ್ಕಪಕ್ಕ ಇಟ್ಟು, ಯಾವುದು ಹಳೆಯದು, ಯಾವುದು ಹೊಸದು ಅಂತ ಬರೆದುಕೊಡಬೇಕು. ಸರ್ಟಿಫಿಕೇಟಿಗೆಂದೇ ಹುಡುಕಿಕೊಂಡು ಹೋದ ಡಾಕ್ಟರು ಕೊಡುವ ಅಂಗವೈಕಲ್ಯದ ಶೇಕಡಾ ಲೆಕ್ಕಕ್ಕೆ ತೂಕ ಕಡಿಮೆ.

ಆ ಶೇಕಡಾವೇ ಪೂರ್ತಿ ಲೆಕ್ಕವೂ ಅಲ್ಲ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಕೈ ಹೋದರೆ ಡ್ರೈವರ್‌ಗೆ, ಬಡಗಿಗೆ ದುಡಿಮೆಯೇ ಹೋದಂತೆ, ಸರ್ಕಾರಿ ಗುಮಾಸ್ತನಿಗೆ ಹಾಗಲ್ಲ. ನೀವು ಏನು ಕೆಲಸ ಮಾಡುತ್ತೀರಿ ಅಂತ ಬರೆದಿಲ್ಲ. ತಿಂಗಳಿಗೆ 30,000 ದುಡಿಮೆ ಅಂದುಕೊಳ್ಳಿ. ವರ್ಷದ ದುಡಿಮೆಯನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ, 44ರ ವಯಸ್ಸಿಗೆ ಆ ಗುಣಕ 14. ದುಡಿಮೆಯ ನಷ್ಟ ಶೇ. 10 ಅಂತಾದರೆ 5,04,000, ಹಳೇ ನೋವಿನ ಪಾಲು ಅಂತ ಕಳೆದು ಶೇ. 6ಕ್ಕೆ ಇಳಿಸಿದರೆ 3,02,400. ಇದು ಮೂಲ ಲೆಕ್ಕ ಅಷ್ಟೇ, ಆಸ್ಪತ್ರೆ ಖರ್ಚು ಮುಂತಾದ್ದು ಬೇರೆ. ಎದುರಿನವರು ಜಗ್ಗುವುದು ಆ ನಡುವಿನ ಎರಡು ಲಕ್ಷಕ್ಕೆ. ಅದಕ್ಕೇ ಫಿಸಿಯೋಥೆರಪಿಯ ಕೊನೇ ಬಿಲ್ಲು, ಆಮೇಲಿನ ಎರಡು-ಮೂರು ವರ್ಷದ ಹಾಜರಿ, ರಜೆ ಲೆಕ್ಕ ಹುಡುಕಿಡಿ. ನೋವು ಇತ್ತು, ಆದರೂ ದುಡಿಯುತ್ತಿದ್ದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಆಸ್ಪತ್ರೆ ಗೇಟಲ್ಲಿ "ಬಂದದ್ದರಲ್ಲಿ ಇಷ್ಟು ಪರ್ಸೆಂಟ್" ಅನ್ನುವವರಿಗೆ ವಕಾಲತ್ತು ಕೊಡಬೇಡಿ, ವಕೀಲರು ಹಾಗೆ ಫೀಸು ಮಾತಾಡುವುದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ತಡವನ್ನೂ ಮಾಡಬೇಡಿ. 2022ರ ಏಪ್ರಿಲ್‌ನಿಂದ ಅರ್ಜಿಗೆ ಆರು ತಿಂಗಳ ಗಡುವು ಬಂದಿದೆ. ನಿಮ್ಮದು ಆಗಲೇ ಒಂದು ತಿಂಗಳು ಕಳೆಯಿತು.

ಅಫಿಡವಿಟ್ಟು ಸಹಿಗೆ ಬಂದಾಗ ಆ "ದೃಢಕಾಯ" ವಾಕ್ಯ ಎಲ್ಲಿದೆ ನೋಡಿ ಹೊಡೆದುಹಾಕಿಸಿ. ಆ ಜಾಗದಲ್ಲಿ ಡಿಸ್ಕ್ ತೊಂದರೆ ಯಾವಾಗ ಬಂತು, ಚಿಕಿತ್ಸೆ ಯಾವಾಗ ನಿಂತಿತು ಅನ್ನುವುದನ್ನು ತಾರೀಕು ಹಾಕಿ ಬರೆಸಿ.