ಮೊಟ್ಟೆ ಇಡುವ ಮೊದಲೇ ಮರಿಗೆ ಮನೆ ಹುಡುಕಿ

ಓದುಗರ ಪತ್ರದ ಸಾರ: ಸಕಲೇಶಪುರದ ಕಡೆಯ ಶಿಶುವಿಹಾರವೊಂದರ ಶಿಕ್ಷಕಿ ಬರೆದಿದ್ದಾರೆ. ಜುಲೈನಲ್ಲಿ ಸಂತೆಯಿಂದ ತಂದ 12 ನಾಟಿ ಮೊಟ್ಟೆಗಳನ್ನು ಫ್ಯಾನ್ ಇಲ್ಲದ ಥರ್ಮೊಕೋಲ್ ಪೆಟ್ಟಿಗೆಯ ಇನ್‌ಕ್ಯುಬೇಟರಿನಲ್ಲಿ ಇಟ್ಟರು. ಮುಚ್ಚಳದಿಂದ ಇಳಿಬಿಟ್ಟ ಥರ್ಮಾಮೀಟರ್ ದಿನವೂ 37.5 ತೋರಿಸುತ್ತಿತ್ತು. ನೀರಿನ ತಟ್ಟೆ ಮೊದಲ ದಿನದಿಂದಲೂ ತುಂಬಿಯೇ ಇತ್ತು. ಚಳಿಯೆಂದು ಗಾಳಿಕಿಂಡಿಗೆ ಟೇಪ್ ಹಚ್ಚಿದ್ದರು. 22 ಮತ್ತು 23ನೇ ದಿನ ಮೂರೇ ಮರಿ ಹೊರಬಂದವು. ಉಳಿದವನ್ನು ಒಡೆದು ನೋಡಿದರೆ ಮೂರರಲ್ಲಿ ಏನೂ ಇಲ್ಲ, ಎರಡರಲ್ಲಿ ಕೆಂಪು ಉಂಗುರ, ನಾಲ್ಕರಲ್ಲಿ ಪೂರ್ತಿ ಬೆಳೆದು ಸತ್ತ ಮರಿ. ಮೈ ಒದ್ದೆ, ಊದಿಕೊಂಡಂತೆ. ಒಂದು ಮಗು ಎರಡು ದಿನ ಅತ್ತಿತು, ಒಬ್ಬ ಪೋಷಕರು ರೋಗ ಬರುತ್ತದೆಂದು ಆಕ್ಷೇಪಿಸಿದರು. ತಪ್ಪಿದ್ದೆಲ್ಲಿ, ಮತ್ತೆ ಮಾಡಬಹುದೇ ಎಂಬುದು ಅವರ ಪ್ರಶ್ನೆ.

ಮೇಡಂ, ಸತ್ತ ಮೊಟ್ಟೆಗಳನ್ನು ಹಾಗೇ ಎಸೆಯದೆ ಒಡೆದು ನೋಡಿ, ಕಂಡದ್ದನ್ನು ಕಂಡಂತೆ ಬರೆದಿದ್ದೀರಿ. ಕಾರಣ ಹೇಳಲು ನಮಗೆ ಅಷ್ಟು ಸಾಕು.

ಮೊದಲು ಆ ನಾಲ್ಕು ಮರಿಗಳ ವಿಷಯ. ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಯ ಒಂದು ಪುಟ್ಟ ಕೋಣೆ ಇರುತ್ತದೆ. ಕಾವಿನ ದಿನಗಳಲ್ಲಿ ಮೊಟ್ಟೆಯೊಳಗಿನ ನೀರಿನಂಶ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಆರುತ್ತಾ ಹೋದಂತೆ ಆ ಕೋಣೆ ದೊಡ್ಡದಾಗುತ್ತದೆ. ಹತ್ತೊಂಬತ್ತು, ಇಪ್ಪತ್ತನೇ ದಿನ ಮರಿ ಕೊಕ್ಕಿನಿಂದ ಒಳಪೊರೆ ಹರಿದು ಜೀವನದ ಮೊದಲ ಉಸಿರು ತೆಗೆದುಕೊಳ್ಳುವುದು ಆ ಗಾಳಿಯಿಂದಲೇ. ನಿಮ್ಮಲ್ಲಿ ಮಳೆಗಾಲದ ತೇವ, ಅದರ ಮೇಲೆ ತಟ್ಟೆ ತುಂಬ ನೀರು, ಸಾಲದ್ದಕ್ಕೆ ಕಿಂಡಿಗೆ ಟೇಪ್. ಒಳಗಿನ ನೀರು ಆರಲಿಲ್ಲ, ಗಾಳಿಕೋಣೆ ಬೆಳೆಯಲಿಲ್ಲ. ಮರಿಗಳು ಉಸಿರಿಗೆ ಜಾಗ ಸಾಲದೆ ಸತ್ತವು. ಒದ್ದೆ ಮೈ, ಊತ ಇದರದೇ ಗುರುತು. ತೇವ ಕಡಿಮೆಯಾಗಿ ಸತ್ತಿದ್ದರೆ ಒಳಪೊರೆ ಒಣಕಾಗದದಂತೆ ಮರಿಯ ಮೈಗೆ ಅಂಟಿಕೊಂಡಿರುತ್ತಿತ್ತು.

ಎರಡನೆಯದು ತಾಪ. 37.5 ಡಿಗ್ರಿ ಸೆಲ್ಸಿಯಸ್ ಫ್ಯಾನ್ ಇರುವ ಯಂತ್ರದ ಲೆಕ್ಕ. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೆಯೇ ನಿಲ್ಲುತ್ತದೆ. ಮುಚ್ಚಳದ ಬಳಿ 37.5 ಇದ್ದಾಗ ಕೆಳಗಿನ ಮೊಟ್ಟೆಗಳಿಗೆ ಅದಕ್ಕಿಂತ ಕಡಿಮೆಯೇ ಸಿಕ್ಕಿದೆ; ಇಪ್ಪತ್ತೊಂದನೇ ದಿನ ಬರಬೇಕಾದ ಮರಿ ಒಂದೆರಡು ದಿನ ತಡವಾದದ್ದು ಅದಕ್ಕೇ. ಥರ್ಮಾಮೀಟರಿನ ತುದಿ ಮೊಟ್ಟೆಯ ಮೇಲ್ಮೈಯ ಮಟ್ಟಕ್ಕೆ ಬರಬೇಕು, ಅಲ್ಲಿ 38.3ರಿಂದ 38.9 ಇರಬೇಕು. ಥರ್ಮಾಮೀಟರ್ ಮೇಲೆಯೇ ನಂಬಿಕೆ ಇಲ್ಲವೇ? ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಅದನ್ನೂ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ಒಟ್ಟಿಗೆ ಅದ್ದಿ, ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ.

ಏನೂ ಕಾಣದ ಮೂರು ಮೊಟ್ಟೆಗಳಿಗೆ ಹುಂಜದ ಸಂಪರ್ಕವೇ ಇರಲಿಲ್ಲ, ಅಥವಾ ಅವು ತೀರ ಹಳೆಯವು. ಕೆಂಪು ಉಂಗುರ ಎಂದರೆ ಜೀವ ಮೂಡಿ, ಮೊದಲ ಕೆಲವು ದಿನಗಳಲ್ಲೇ ನಿಂತುಹೋಗಿದೆ. ಎರಡಕ್ಕೂ ಸಂತೆಯ ಮೊಟ್ಟೆಯೇ ಮುಖ್ಯ ಅನುಮಾನ. ಎಂದು ಇಟ್ಟದ್ದು, ಎಷ್ಟು ಬಿಸಿಲು ಕಂಡದ್ದು, ಎಷ್ಟು ಕುಲುಕಿದ್ದು ಯಾರಿಗೂ ಗೊತ್ತಿರುವುದಿಲ್ಲ. ಕಂದು ಬಣ್ಣದ್ದೆಲ್ಲ ನಾಟಿಯೂ ಅಲ್ಲ. ಹುಂಜ, ಹೇಟೆ ಒಟ್ಟಿಗೆ ಮೇಯುವ ಮನೆಯಿಂದಲೇ ತನ್ನಿ. ಏಳು ದಿನದೊಳಗಿನದು, ಬಿರುಕಿಲ್ಲದ್ದು, ತೊಳೆಯದ್ದು, ಫ್ರಿಜ್‌ನಲ್ಲಿಡದ್ದು ಆಗಿರಲಿ. ತಂದ ಮೇಲೆ ಚೂಪು ತುದಿ ಕೆಳಗಾಗಿ ಒಂದು ರಾತ್ರಿ ಹಾಗೇ ಬಿಡಿ.

ಮತ್ತೆ ಮಾಡಬಹುದೇ? ಮಾಡಬಹುದು. ಆದರೆ ಮೊಟ್ಟೆ ತರುವ ಮುಂಚೆ ಮೊಟ್ಟೆ ಕೊಡುವ ಮನೆಯವರನ್ನು ಕೇಳಿ: ಹುಟ್ಟುವ ಅಷ್ಟೂ ಮರಿಗಳನ್ನು, ಹುಂಜಗಳನ್ನೂ ಸೇರಿಸಿ, ವಾಪಸು ತೆಗೆದುಕೊಳ್ಳುತ್ತೀರಾ? ಅರ್ಧದಷ್ಟು ಹುಂಜವೇ ಆಗುತ್ತವೆ, ನಾಟಿ ಮರಿಯಲ್ಲಿ ಮೊದಲ ದಿನ ನೋಡಿ ಹೇಳಲು ಬರುವುದಿಲ್ಲ. ಮಗುವಿಗೊಂದು ಮರಿ ಎಂದು ಹಂಚಬೇಡಿ. ಒಂಟಿ ಮರಿ ಚಳಿಗೆ, ಒಂಟಿತನಕ್ಕೆ ಕಿರುಚುತ್ತಲೇ ಸೊರಗುತ್ತದೆ. ತಾಯಿಯಿಲ್ಲದ ಮರಿಯನ್ನು ಅಂಗಳಕ್ಕೆ ಬಿಟ್ಟರೆ ಕಾಗೆ, ಬೆಕ್ಕು, ಮುಂಗುಸಿ ಬಿಡುವುದಿಲ್ಲ. ಮನೆಯವರು ಒಪ್ಪದಿದ್ದರೆ ಮೊಟ್ಟೆ ಇಡುವುದೇ ಬೇಡ. ಈ ಒಂದು ವಿಷಯದಲ್ಲಿ ನಮ್ಮದು ಖಂಡಿತ ಮಾತು.

ಮಂಗಳವಾರ ಸಂಜೆ ಮೊಟ್ಟೆ ಇಡಿ. ಹಿಂದಿನ ದಿನವೇ ಪೆಟ್ಟಿಗೆಯನ್ನು ಖಾಲಿ ಓಡಿಸಿ ತಾಪ ನಿಂತಿದೆಯೇ ನೋಡಿರಬೇಕು. ಮರುದಿನ ಬುಧವಾರ ಒಂದನೇ ದಿನ. ಹಾಗಾದರೆ ಏಳನೇ ದಿನ ಮಂಗಳವಾರ, ಹದಿನೆಂಟನೇ ದಿನ ಶನಿವಾರ, ಇಪ್ಪತ್ತೊಂದನೇ ದಿನ ಮತ್ತೆ ಮಂಗಳವಾರ. ಮರಿ ಸೋಮವಾರ ಬಂದರೂ ಬುಧವಾರ ಬಂದರೂ ಮಕ್ಕಳು ಶಾಲೆಯಲ್ಲಿರುತ್ತಾರೆ. ನಡುವಿನ ಭಾನುವಾರಗಳಂದು ಮೊಟ್ಟೆ ತಿರುಗಿಸಲು ಬರುವವರು ಯಾರೆಂದು ಮೊದಲೇ ಗೊತ್ತುಮಾಡಿ.

ಮೊಟ್ಟೆಯ ಒಂದು ಬದಿಗೆ ಪೆನ್ಸಿಲಿನಲ್ಲಿ ಸೊನ್ನೆ, ಇನ್ನೊಂದು ಬದಿಗೆ ಗುಣಾಕಾರ ಚಿಹ್ನೆ ಬರೆಯಿರಿ. ಸ್ಕೆಚ್ ಪೆನ್ ಬೇಡ. ದಿನಕ್ಕೆ ಮೂರು ಬಾರಿ ತಿರುಗಿಸಿ. ಬೆಸ ಸಂಖ್ಯೆ ಏಕೆಂದರೆ ರಾತ್ರಿಯ ಉದ್ದದ ಹೊತ್ತು ಒಂದು ದಿನ ಸೊನ್ನೆ ಮೇಲಿದ್ದರೆ ಮರುದಿನ ಗುಣಾಕಾರ ಮೇಲಿರುತ್ತದೆ. ತಿರುಗಿಸದ ಮೊಟ್ಟೆಯಲ್ಲಿ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. 18ನೇ ದಿನದಿಂದ ತಿರುಗಿಸುವುದು ನಿಲ್ಲಿಸಿ.

ತೇವ ಮೊದಲ 18 ದಿನ ಶೇ. 50ರ ಆಸುಪಾಸು, ಕೊನೆಯ ಮೂರು ದಿನ ಶೇ. 65ರಿಂದ 70. ಅಳೆಯುವ ಉಪಕರಣಕ್ಕಿಂತ ಅಡುಗೆಮನೆಯ ಡಿಜಿಟಲ್ ತಕ್ಕಡಿ ಹೆಚ್ಚು ನಂಬಿಕಸ್ಥ. ಹದಿನೆಂಟನೇ ದಿನಕ್ಕೆ ಮೊಟ್ಟೆ ತನ್ನ ತೂಕದ ಶೇ. 12ರಷ್ಟು ಕಳೆದುಕೊಂಡಿರಬೇಕು. ಅಂದರೆ 45 ಗ್ರಾಮಿನದು 40ರ ಹತ್ತಿರಕ್ಕೆ ಬರಬೇಕು. ಪ್ರತಿ ಮೊಟ್ಟೆಯ ಮೇಲೆ ಮೊದಲ ದಿನದ ತೂಕ ಬರೆದಿಡಿ. ವಾರಕ್ಕೆ ಎರಡು ಗ್ರಾಮಿನಷ್ಟು ಇಳಿಯುತ್ತಿದ್ದರೆ ಸರಿ. ಇಳಿಯದಿದ್ದರೆ ತಟ್ಟೆಯ ನೀರು ಕಡಿಮೆ ಮಾಡಿ, ಬೇಗ ಇಳಿದರೆ ಹೆಚ್ಚಿಸಿ. ಗಾಳಿಕಿಂಡಿಯನ್ನು ಮಾತ್ರ ಎಂದೂ ಮುಚ್ಚಬೇಡಿ.

ಕರೆಂಟ್ ಹೋದರೆ ಮುಚ್ಚಳ ತೆರೆಯದೆ, ಕಿಂಡಿ ಬಿಟ್ಟು, ಪೆಟ್ಟಿಗೆಗೆ ಕಂಬಳಿ ಹೊದಿಸಿ. ಗಂಟೆ ಎರಡು ಗಂಟೆ ತಣ್ಣಗಾದರೆ ಮೊಟ್ಟೆ ತಡೆದುಕೊಳ್ಳುತ್ತದೆ, ಮಿತಿಮೀರಿದ ಬಿಸಿಯನ್ನು ತಡೆಯುವುದಿಲ್ಲ. ಪೆಟ್ಟಿಗೆಯ ಮೇಲೆ ಕಿಟಕಿಯ ಬಿಸಿಲು ಬೀಳದಂತೆ ನೋಡಿ.

ಏಳನೇ ದಿನದ ಬೆಳಕಿನ ಪರೀಕ್ಷೆಯನ್ನು ಮಕ್ಕಳಿಗೆ ತಪ್ಪಿಸಬೇಡಿ. ಕೋಣೆ ಕತ್ತಲೆ ಮಾಡಿ, ರೂಪಾಯಿ ನಾಣ್ಯದಷ್ಟು ತೂತು ಕೊರೆದ ರಟ್ಟಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು ಮೊಟ್ಟೆಯ ದಪ್ಪ ತುದಿಯನ್ನು ತೂತಿನ ಮೇಲಿಡಿ. ಮೊಟ್ಟೆ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ಜೇಡರ ಕಾಲಿನಂಥ ರಕ್ತನಾಳಗಳು, ನಡುವೆ ಕಪ್ಪು ಚುಕ್ಕೆ, ಅದು ಕಣ್ಣು. ಸುಮ್ಮನೆ ಎಣಿಸುತ್ತಾ ಕಾದರೆ ಚುಕ್ಕೆ ಮಿಸುಕುತ್ತದೆ. ಮೂರು ವರ್ಷದ ಮಗುವೂ ಉಸಿರು ಬಿಗಿಹಿಡಿದು ನೋಡುವ ಗಳಿಗೆ ಅದು. ಮೊಟ್ಟೆಗಳು ಹತ್ತು ನಿಮಿಷದೊಳಗೆ ಪೆಟ್ಟಿಗೆಗೆ ಮರಳಲಿ. ಏನೂ ಕಾಣದ್ದನ್ನು, ಉಂಗುರ ಕಂಡದ್ದನ್ನು ಅಂದೇ ತೆಗೆದುಬಿಡಿ. ಒಳಗೆ ಕೊಳೆತರೆ ಸಿಡಿದು ಉಳಿದವನ್ನೂ ಕೆಡಿಸುತ್ತದೆ.

ಅಂದು ಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ನಾವು ತಿನ್ನೋ ಮೊಟ್ಟೆಯಲ್ಲೂ ಮರಿ ಇತ್ತಾ? ಫಾರಂನ ಹೇಟೆಗಳ ಜೊತೆ ಹುಂಜ ಇರುವುದಿಲ್ಲ, ಆದ್ದರಿಂದ ಅಂಗಡಿ ಮೊಟ್ಟೆಯಲ್ಲಿ ಮರಿಯಾಗುವುದಿಲ್ಲ ಎಂದು ನೇರವಾಗಿ ಹೇಳಿ. ಮೊಟ್ಟೆ ತಿನ್ನುವ ಮಗುವಿಗೂ ತಿನ್ನದ ಮನೆಯ ಮಗುವಿಗೂ ಈ ಉತ್ತರ ಸಲ್ಲುತ್ತದೆ.

ಕೊನೆಯ ಮೂರು ದಿನ ಮುಚ್ಚಳ ಮುಟ್ಟಬಾರದು. ಚಿಪ್ಪಿನ ಮೇಲೆ ಮೊದಲು ನಕ್ಷತ್ರದಂಥ ಬಿರುಕು ಬರುತ್ತದೆ, ಕೊಕ್ಕಿನ ತುದಿಯ ಬಿಳಿ ಹಲ್ಲು ಇಣುಕುತ್ತದೆ. ಆಮೇಲೆ ಗಂಟೆಗಟ್ಟಲೆ ಏನೂ ನಡೆಯುವುದಿಲ್ಲ. ಮರಿ ಆಗ ದಣಿವಾರಿಸಿಕೊಳ್ಳುತ್ತಾ, ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಾ ಇರುತ್ತದೆ. ಕನಿಕರಪಟ್ಟು ಚಿಪ್ಪು ಬಿಡಿಸಿದರೆ ರಕ್ತನಾಳ ಹರಿದು ಸಾಯುತ್ತದೆ. ಬಿರುಕಿನಿಂದ ಹೊರಬರಲು 12ರಿಂದ 24 ಗಂಟೆ ಬೇಕು. ಹೊರಬಂದ ಮರಿ ಪೂರ್ತಿ ಒಣಗಿ ತುಪ್ಪುಳವಾಗುವವರೆಗೆ ಅಲ್ಲೇ ಇರಲಿ. ಹೊಟ್ಟೆಯ ಹಳದಿ ಎರಡು ದಿನದ ಊಟಕ್ಕೆ ಸಾಕು.

ಆಮೇಲೆ ಅಗಲವಾದ ರಟ್ಟಿನ ಪೆಟ್ಟಿಗೆ, ಎರಡು ಇಂಚು ಭತ್ತದ ಹೊಟ್ಟು, ಒಂದು ಮೂಲೆಗೆ 60 ವಾಟಿನ ಬಲ್ಬು. ಬಲ್ಬಿನ ಕೆಳಗೆ ಮೊದಲ ವಾರ 32ರಿಂದ 35 ಡಿಗ್ರಿ ಇರಲಿ. ಮರಿಗಳು ಗುಂಪುಗೂಡಿ ಚೀರಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ನುಣುಪು ಕಾಗದ ಹಾಸಿದರೆ ಕಾಲು ಜಾರಿ ಸೊಟ್ಟಗಾಗುತ್ತದೆ. ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿ, ಇಲ್ಲದಿದ್ದರೆ ಮುಳುಗುತ್ತವೆ. ಬರಿಯ ಅಕ್ಕಿನುಚ್ಚು ಸಾಲದು, ಮರಿಗಳಿಗೆಂದೇ ಸಿಗುವ ಸ್ಟಾರ್ಟರ್ ಆಹಾರ ಕೊಡಿ.

ಆಕ್ಷೇಪಿಸಿದ ಪೋಷಕರ ಮಾತು ಸರಿ. ನೋಡಲು ಆರೋಗ್ಯವಾಗಿರುವ ಮರಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು, ಐದು ವರ್ಷದೊಳಗಿನವರಿಗೆ ಅದರಿಂದ ಜೋರು ಭೇದಿ, ಜ್ವರ ಬರುತ್ತದೆ. ಹಾಗಾಗಿ ನಿಮ್ಮ ಮಕ್ಕಳು ನೋಡಲಿ, ಕೇಳಲಿ, ಎಣಿಸಲಿ, ಮುಟ್ಟುವುದು ಬೇಡ. ಅಪ್ಪಿತಪ್ಪಿ ಪೆಟ್ಟಿಗೆ ಮುಟ್ಟಿದರೂ ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಸಿ. ಅಡುಗೆಯ, ಊಟದ, ಮಲಗುವ ಕೋಣೆಯಲ್ಲಿ ಮರಿಗಳನ್ನು ಇಡಬೇಡಿ, ಅವುಗಳ ತಟ್ಟೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಇದನ್ನೆಲ್ಲ ಬರೆದು ಮೊದಲೇ ಪೋಷಕರಿಗೆ ಕಳಿಸಿ, ಉಬ್ಬಸ ಇರುವ ಮಕ್ಕಳಿದ್ದಾರೆಯೇ ಕೇಳಿ. ಸುತ್ತಮುತ್ತ ಹಕ್ಕಿಜ್ವರದ ಸುದ್ದಿಯಿದ್ದರೆ ಆ ವರ್ಷ ಬಿಟ್ಟುಬಿಡಿ.

ಅತ್ತ ಮಗುವಿಗೆ ಮರಿ ಮಲಗಿದೆ ಎಂದು ಸಮಾಧಾನ ಹೇಳಿದೆ ಎಂದು ಬರೆದಿದ್ದೀರಿ. ಮುಂದೆ ಹಾಗೆ ಹೇಳಬೇಡಿ. ಮಧ್ಯಾಹ್ನ ನೀವೇ ಮಕ್ಕಳನ್ನು ಮಲಗಿಸುತ್ತೀರಿ. ಮಲಗಿದ್ದು ಮತ್ತೆ ಏಳುವುದಿಲ್ಲ ಎಂಬ ಹೆದರಿಕೆ ಹಾಸಿಗೆಗೆ ಬರುತ್ತದೆ. ಸತ್ತುಹೋಯಿತು, ಅದಕ್ಕೆ ನೋವಾಗುವುದಿಲ್ಲ, ನೀನೇನೂ ತಪ್ಪು ಮಾಡಲಿಲ್ಲ, ಎಂದು ಹತ್ತಿರ ಕೂರಿಸಿಕೊಂಡು ಹೇಳಿ. ಎಲ್ಲ ಮೊಟ್ಟೆಯೂ ಮರಿಯಾಗುವುದಿಲ್ಲ ಎಂಬುದನ್ನು ಮೊದಲ ದಿನವೇ ಹೇಳಿರಬೇಕು.

ಇನ್ನೊಂದು ದಾರಿಯೂ ಇದೆ, ನಮಗೆ ಅದೇ ಹೆಚ್ಚು ಇಷ್ಟ. ನಡೆದು ಹೋಗುವಷ್ಟು ದೂರದ ಮನೆಯಲ್ಲಿ ಕಾವಿಗೆ ಕೂತ ಹೇಟೆ ಇದ್ದರೆ, ಮಂಕರಿಯಲ್ಲಿ ಹುಲ್ಲು ಹಾಸಿ ಹತ್ತು ಮೊಟ್ಟೆ ಇಡಿಸಿ. ತಾಪ, ತೇವ, ತಿರುಗಿಸುವುದು ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಮೊಟ್ಟೆ ಇಟ್ಟ ದಿನ, ಏಳನೇ ದಿನ, ಮರಿಯಾದ ಮೇಲೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ. ಹೇಟೆ ಕುಕ್ಕುತ್ತದೆ, ನಾಲ್ಕು ಹೆಜ್ಜೆ ದೂರ ನಿಲ್ಲಿಸಿ. ಯಂತ್ರದಲ್ಲೇ ಮಾಡುವುದಾದರೂ ಅದೇ ದಿನ ಒಂದು ಹೇಟೆಯನ್ನು ಕಾವಿಗೆ ಕೂರಿಸುವಂತೆ ಆ ಮನೆಯವರಿಗೆ ಹೇಳಿಡಿ. ನಿಮ್ಮ ಮರಿಗಳು ಒಣಗಿದ ದಿನವೇ, ರಾತ್ರಿ ಕತ್ತಲಾದ ಮೇಲೆ, ಒಂದೊಂದಾಗಿ ಅದರ ರೆಕ್ಕೆಯಡಿ ಸರಿಸಿದರೆ ಹೆಚ್ಚಿನ ಹೇಟೆಗಳು ಬೆಳಗ್ಗೆ ಅವನ್ನೂ ತನ್ನವೆಂದೇ ಕರೆದುಕೊಂಡು ಹೊರಡುತ್ತವೆ.