ಬಾಗೇಪಲ್ಲಿ ಕಡೆ ನಲ್ಲಿಯಲ್ಲಿ ಬರೋ ಬೋರ್‌ವೆಲ್ ನೀರು ಕಾಯಿಸಿ ಕುಡಿದರೆ ಸಾಕಾ?

ಸಾಲದು. ಕಾಯಿಸಿದರೆ ಕ್ರಿಮಿ ಸಾಯುತ್ತವೆ ನಿಜ, ಆದರೆ ನಮ್ಮ ಕಡೆ ದೊಡ್ಡ ತೊಂದರೆ ಫ್ಲೋರೈಡ್. ಅದು ಆವಿಯಾಗಿ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಉಳಿದ ನೀರಿನಲ್ಲಿ ಜಾಸ್ತಿಯೇ ಆಗುತ್ತದೆ. ಆಳದ ಬೋರ್‌ನ ನೀರು ಗ್ರಾನೈಟ್ ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತು, ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡು ಬರುತ್ತದೆ. ರುಚಿ, ಬಣ್ಣ ನೋಡಿದರೆ ಗೊತ್ತಾಗುವುದಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಮೀರಿದರೆ ಮೊದಲು ಕಾಣುವುದು ಮಕ್ಕಳ ಹಲ್ಲಿನಲ್ಲಿ: ಸೀಮೆಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆ, ಆಮೇಲೆ ಕಂದು ಕಲೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವರ್ಷಾನುಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ.

ಒಂದು ಬಾಟಲಿ ನೀರು ಲ್ಯಾಬ್‌ಗೆ ಕೊಟ್ಟು ಪರೀಕ್ಷೆ ಮಾಡಿಸಿ. ಜಾಸ್ತಿ ಇದ್ದರೆ ಕುಡಿಯೋಕೆ ಮಾತ್ರ ಅಲ್ಲ, ಅನ್ನ, ಸಾರಿಗೂ ಆರ್‌ಓ ನೀರೇ ಹಾಕಿ, ಇದನ್ನೇ ಎಲ್ಲರೂ ಮರೆಯೋದು. ಸ್ನಾನಕ್ಕೆ, ಬಟ್ಟೆಗೆ ನಲ್ಲಿ ನೀರು ಪರವಾಗಿಲ್ಲ.